ಮಸ್ಕತ್ತಿನ ಮೈದಾನದಲ್ಲಿ ಹುಲಿಗೆಮ್ಮನ ಸ್ಪೀಕರು

ಕುರುಗೋಡು ಬಸ್ ಸ್ಟ್ಯಾಂಡು

ನಾನು ಮಸ್ಕತ್ತಿಗೆ ಹೋಗಿ ಬಂದಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕುರುಗೋಡಿನಲ್ಲಿ ಇವತ್ತಿಗೂ ನಂಬದವರಿದ್ದಾರೆ. "ಈರಣ್ಣ ಬೆಂಗಳೂರಿನಾಗ ಎಲ್ಲೋ ಇದ್ದು ಬಂದಾನ" ಎಂದು ಚಹಾದ ಅಂಗಡಿಯಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟ ನನ್ನಂಥವನು ಸಮುದ್ರ ದಾಟಿದ್ದು ಅವರ ಹೊಟ್ಟೆಗೆ ಕೆಂಡ ಹಾಕಿದಂತಾಗಿದೆ.

ನನ್ನನ್ನು ಈ ಕಡೆ ಮೈಕ್ ಈರಣ್ಣ ಎಂದೇ ಕರೆಯುವುದು. ಕುರುಗೋಡು, ಮೋಕ, ತೆಕ್ಕಲಕೋಟೆ, ಸಿರುಗುಪ್ಪ, ಎಲ್ಲಿ ಮದುವೆಯಾದರೂ ಬೇವಿನ ಮರದ ತುದಿಗೆ ಹಾರ್ನ್ ಕಟ್ಟಿದವನು ನಾನು. ನನ್ನ ಮಗ ಬಳ್ಳಾರಿಗೆ ಹೋಗಿ ಅದೇ ಕಸುಬನ್ನು ಸೌಂಡ್ ಸರ್ವಿಸ್ ಎಂದು ಬೋರ್ಡು ಹಾಕಿ ಬೆಳೆಸಿದ. ಗಣಿ ಕೆಲಸ ಜೋರಾಗಿದ್ದ ಕಾಲವದು. ಅದಿರಿನ ಲಾರಿಗಳು ಸಾಲುಗಟ್ಟಿ ಓಡಿ, ಒಗೆದ ಧೋತರ ಒಣಗುವುದರೊಳಗೆ ಕೆಂಪಾಗುತ್ತಿತ್ತು. ಮದುವೆಗಳಂತೂ ಕೇಳಬೇಡಿ. ಹಾಡು ಕೇಳಿಸಿದರೆ ಸಾಲದು, ಎದೆ ನಡುಗಬೇಕು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಪೇರಿಸಿ, ಅದರ ಮೇಲೆ ಮದುವೆ ಮಾಡಿಸುವ ಸಾಹುಕಾರರ ಮುಖದ ದೊಡ್ಡ ಫ್ಲೆಕ್ಸು ಕಟ್ಟಿದರೇನೇ ಕಾರ್ಯಕ್ಕೆ ಕಳೆ.

ಮಗನ ಮಗಳು ಹುಲಿಗೆಮ್ಮ. ವೈರು ಸುತ್ತುತ್ತಾ ಬೆಳೆದ ಹುಡುಗಿ. ಬಳ್ಳಾರಿಯಲ್ಲೇ ಡಿಪ್ಲೊಮಾ ಓದಿ, ಮಸ್ಕತ್ತಿನ ಒಂದು ಸೌಂಡ್ ಕಂಪನಿ ಸೇರಿದ್ದಳು. ಒಂದು ದಿನ ಫೋನ್ ಮಾಡಿದಳು.

"ತಾತ, ಇಲ್ಲಿ ಕನ್ನಡದೋರ ಸಂಘದ ಕಾರ್ಯಕ್ರಮ ಐತಿ. ಸ್ಪೀಕರ್ ಏರಿಸೋದು ಪೂರಾ ನನ್ನ ಜವಾಬ್ದಾರಿ. ಚೊಲೋ ಆತಂದ್ರ ಇನ್ನ ಮುಂದ ಎಲ್ಲಾ ನನ್ನ ಕೈಯಾಗ ಕೊಡ್ತಾರ. ಕೆಟ್ಟಿತಂದ್ರ ಮತ್ತ ವೈರ್ ಸುತ್ತಾಕ ಹೋಗೋದ. ನೀ ಬಂದು ನೋಡಬೇಕು."

ಟಿಕೆಟ್ಟನ್ನೂ ಅವಳೇ ಕಳಿಸಿದಳು. ಬಳ್ಳಾರಿ ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ, ಪಕ್ಕದವರಿಗೆ ಹೇಳಿದೆ, ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದವನನ್ನು ಎಬ್ಬಿಸಿ ಹೇಳಿದೆ. "ನಿನ್ನ ಮೊಮ್ಮಗಳು ಅಲ್ಲಿ ಏನ್ ಮಾಡ್ತಾಳ?" ಎಂದ ಅವನು ಕಣ್ಣು ತಿಕ್ಕುತ್ತಾ. "ಸ್ಪೀಕರು ಏರಿಸ್ತಾಳ." "ಅದಕ್ಕ ಅಷ್ಟು ದೂರ ಹೋಗಬೇಕಾತೇನು?" ಎಂದು ಮತ್ತೆ ಮಲಗಿದ. ಇಂಥ ಜನರ ನಡುವೆ ನಾನು ಬದುಕಿದ್ದೇನೆ.

ವಿಮಾನ ನಿಲ್ದಾಣ

ನನ್ನ ಸೊಂಟದಲ್ಲಿ ಸದಾ ಒಂದು ಕಟಿಂಗ್ ಪ್ಲೇಯರ್ ಇರುತ್ತದೆ. ಅದಿಲ್ಲದೆ ಹೊರಗೆ ಕಾಲಿಟ್ಟರೆ ಚಡ್ಡಿ ಹಾಕದೆ ಹೊರಟ ಹಾಗಾಗುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಯಂತ್ರ ಕುಂಯ್ ಎಂದಿತು. ಒಬ್ಬ ಹುಡುಗ ಅದನ್ನು ಎರಡು ಬೆರಳಿನಲ್ಲಿ ಸತ್ತ ಇಲಿಯಂತೆ ಎತ್ತಿ ಹಿಡಿದ.

"ಇದ್ಯಾಕೆ ಸರ್? ವಿಮಾನ ಬಿಚ್ಚೋದಕ್ಕಾ?"

ಸುತ್ತಲಿನವರು ನಕ್ಕರು. ಆ ಪ್ಲೇಯರ್ ನನ್ನ ಮದುವೆಗಿಂತ ಹಳೆಯದು. ಡಬ್ಬಿಯಲ್ಲಿ ಹಾಕಿದ, ಮುಗಿಯಿತು. ಚೀಲದಲ್ಲಿದ್ದ ತೆಂಗಿನ ನಾರಿನ ಹಗ್ಗದ ಸುರುಳಿಯನ್ನು ಮಾತ್ರ ತಿರುಗಿಸಿ ನೋಡಿ ಬಿಟ್ಟ. ಕೊರಳಿಗೆ ಉರುಲು ಹಾಕಬಹುದಾದ ಹಗ್ಗವನ್ನು ಬಿಟ್ಟು ಇಕ್ಕಳವನ್ನು ಕಸಿದುಕೊಂಡವನ ಬುದ್ಧಿಗೆ ಏನೆನ್ನಬೇಕು? ಹಗ್ಗವನ್ನು ಯಾಕೆ ಒಯ್ದೆನೆಂದು ಕೇಳಬೇಡಿ. ಮೊಮ್ಮಗಳು ಸ್ಪೀಕರು ಏರಿಸುವಾಗ ತಾತ ಬರಿಗೈಯಲ್ಲಿ ಹೋಗುವುದೇ?

ಮಸ್ಕತ್, ಮೊದಲ ಬೆಳಗು

ಆ ಊರಿನ ಗುಡ್ಡಗಳನ್ನು ನೋಡಿ ನನಗೆ ಬಳ್ಳಾರಿ ಗುಡ್ಡವೇ ಸಮುದ್ರದ ದಂಡೆಗೆ ಎದ್ದು ಬಂದಂತೆ ಕಂಡಿತು. ಹುಲ್ಲಿಲ್ಲ, ಮರವಿಲ್ಲ, ಬರೀ ಬಂಡೆ. ಆದರೆ ಎಲ್ಲೂ ಅಗೆದ ಗುರುತಿಲ್ಲ. ನಮ್ಮ ಕಡೆಯವರ ಕೈಗೆ ಸಿಕ್ಕಿದ್ದರೆ ಇಷ್ಟರಲ್ಲಿ ಅರ್ಧ ಗುಡ್ಡ ಹಡಗು ಹತ್ತುತ್ತಿತ್ತು.

ರಸ್ತೆ ದಾಟಲು ಅಂಚಿನಲ್ಲಿ ನಿಂತೆ. ಬರುತ್ತಿದ್ದ ಕಾರು ನಿಂತಿತು. ಅದು ಹೋಗಲಿ ಎಂದು ನಾನು ನಿಂತೆ. ನಾನು ದಾಟಲಿ ಎಂದು ಅದು ನಿಂತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಒಬ್ಬನೂ ಹಾರ್ನ್ ಒತ್ತಲಿಲ್ಲ! ಬಳ್ಳಾರಿಯಲ್ಲಾದರೆ ಇಷ್ಟು ಹೊತ್ತಿಗೆ ನನ್ನ ಮೂರು ತಲೆಮಾರಿನ ಹೆಸರು ಕೇಳಿಬರುತ್ತಿತ್ತು. "ಹೋಗೋ ಮಾರಾಯಾ" ಎಂದು ಕೈ ಬೀಸಿದೆ. ಅವನೂ ಕೈ ಬೀಸಿದ, ನಗುತ್ತಾ. ಕೊನೆಗೆ ನಾನು ದಾಟದೆ ಮನೆಗೆ ವಾಪಸ್ಸಾದೆ.

ಹುಲಿಗೆಮ್ಮನ ಕೋಣೆಯ ಕೆಳಗಿನ ಮನೆಯ ಯಜಮಾನ ಬಿಳಿಯ ನಿಲುವಂಗಿಯವನು, ನನ್ನಷ್ಟೇ ವಯಸ್ಸಿನವನು. ಒಳಗೆ ಕರೆದು ಖರ್ಜೂರ ಕೊಟ್ಟ. ಗುಬ್ಬಿ ಕುಡಿಯುವಷ್ಟು ಚಿಕ್ಕ ಬಟ್ಟಲಿನಲ್ಲಿ ಕಾಫಿ ಕೊಟ್ಟ. ಹಾಲಿಲ್ಲ, ಸಕ್ಕರೆಯಿಲ್ಲ, ಏಲಕ್ಕಿಯ ಕಷಾಯವೆನ್ನಿ. ಮರ್ಯಾದೆಗೆ ಕುಡಿದೆ. ತಕ್ಷಣ ಮತ್ತೆ ತುಂಬಿಸಿದ. ಅದನ್ನೂ ಮರ್ಯಾದೆಗೆ ಕುಡಿದೆ. ಮತ್ತೆ ತುಂಬಿಸಿದ. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕಂತೆ, ಅಲ್ಲಿಯ ಪದ್ಧತಿ. ಇದನ್ನು ಹುಲಿಗೆಮ್ಮ ನನಗೆ ಹೇಳಿದ್ದು ಸಂಜೆಗೆ, ನನ್ನ ಎದೆ ಢವಢವ ಹೊಡೆದುಕೊಳ್ಳುತ್ತಿದ್ದಾಗ.

"ನಿಂಗ ಮೊದಲ ಹೇಳಾಕ ಏನಾಗಿತ್ತಲೇ?"

"ನೀ ಅಷ್ಟು ಕುಡೀತೀ ಅಂತ ನಂಗೇನ್ ಗೊತ್ತು ತಾತ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ನೋಡಲು ಇನ್ನೊಂದು ಬಟ್ಟಲು ಕುಡಿಯಬಹುದಿತ್ತು.

ಮೈದಾನ

ಮರುದಿನ ಬೆಳಿಗ್ಗೆ ಅವಳ ಜೊತೆ ಮೈದಾನಕ್ಕೆ ಹೋದೆ. ಅಲ್ಲಿ ಅವಳ ಮೇಲಧಿಕಾರಿ ಡ್ಯಾನಿ, ಫಿಲಿಪ್ಪೀನ್ಸ್ ದೇಶದವನು, "ಗುಡ್ ಮಾರ್ನಿಂಗ್ ಜೆಮ್ಮಾ" ಎಂದ. ನಾನು ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಹುಲಿಗೆಮ್ಮನೇ ಜೆಮ್ಮಾ ಅಂತೆ! ದೇವಿಯ ಹೆಸರಿನಿಂದ ಹುಲಿಯನ್ನು ಓಡಿಸಿ ಬಾಲವನ್ನು ಮಾತ್ರ ಇಟ್ಟುಕೊಂಡಿದ್ದಾರೆ. ನನಗೆ ಮೈಯೆಲ್ಲ ಉರಿಯಿತು. ಅವಳು "ಇರಲಿ ಬಿಡು ತಾತ, ಅವ್ರ ನಾಲಿಗೀಗೆ ಅಷ್ಟ ಬರ್ತೈತಿ" ಎಂದಳು.

ಆಮೇಲೆ ನನ್ನ ರುಮಾಲಿಗೆ ಬಂದರು. ಮೈದಾನದೊಳಗೆ ಬರಬೇಕಾದರೆ ಗಟ್ಟಿ ಟೋಪಿ ಹಾಕಬೇಕಂತೆ. ರುಮಾಲಿನ ಮೇಲೆ ಹಾಕಿದೆ, ಮಡಕೆಯ ಮೇಲೆ ಬೋಗುಣಿ ಇಟ್ಟಂತೆ ನಿಂತಿತು. ರುಮಾಲು ತೆಗೆಯಬೇಕು ಎಂದರು. ಊರ ಪಂಚಾಯಿತಿಯ ಮುಂದೆಯೂ ತೆಗೆಯದ ರುಮಾಲು! ಮೊಮ್ಮಗಳ ಮುಖ ನೋಡಿ ತೆಗೆದೆ. ಹಳದಿ ಜಾಕೀಟನ್ನೂ ತೊಡಿಸಿದರು. ಕನ್ನಡಿ ನೋಡಿದರೆ ರೈಲ್ವೆ ಗೇಟ್ ಕಾಯುವವನಂತೆ ಕಾಣುತ್ತಿದ್ದೆ.

ವೇದಿಕೆಯ ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ಟವರ್. ಅವುಗಳ ಕಾಲಿಗೆ ಕಾಂಕ್ರೀಟಿನ ದಿಮ್ಮಿಗಳ ಭಾರ. ಅವುಗಳಿಂದ ತೂಗುಹಾಕುವ ಸ್ಪೀಕರು ನಮ್ಮ ಪೆಟ್ಟಿಗೆಗಳಂತಲ್ಲ. ಅಗಲವಾದ, ಗಿಡ್ಡನೆಯ ಪೆಟ್ಟಿಗೆಗಳು, ಒಂದರ ಕೆಳಗೊಂದು ಕೊಂಡಿ ಹಾಕಿಕೊಂಡು, ಕೆಳಗೆ ಬರುತ್ತಾ ಬಾಳೆಗೊನೆಯಂತೆ ಬಾಗುತ್ತವೆ. ಲೈನ್ ಅರೇ ಎನ್ನುತ್ತಾರೆ. ಮೇಲಿನವು ಕೊನೆಯ ಸಾಲಿನವರಿಗೆ, ಕೆಳಗಿನವು ಮುಂದೆ ಕುಂತವರಿಗೆ. ಹಾಗೆ ಹಂಚಿದರೆ ಯಾರ ಕಿವಿಯೂ ಹರಿಯುವುದಿಲ್ಲ, ಯಾರಿಗೂ ಕಡಿಮೆಯಾಗುವುದಿಲ್ಲ ಎಂದು ಹುಲಿಗೆಮ್ಮ ನನಗೆ ಬಿಡಿಸಿ ಹೇಳಿದಳು. ಕೇಳಿ ನನ್ನ ಎದೆ ಹಿಗ್ಗಿತು. ಅಲ್ಲಿಗೆ ಹಿಗ್ಗುವುದು ಮುಗಿಯಿತು, ಏಕೆಂದರೆ ಆಮೇಲೆ ಅವರು ಕೆಲಸ ಶುರುಮಾಡಿದರು.

ಏನು ಆ ನಿಧಾನ! ಪ್ರತಿ ಕೊಂಡಿಯ ಪಿನ್ನನ್ನು ಒಬ್ಬ ಹಾಕುತ್ತಾನೆ, ಇನ್ನೊಬ್ಬ ಬಂದು ಮುಟ್ಟಿ ಎಳೆದು ನೋಡುತ್ತಾನೆ, ಹುಲಿಗೆಮ್ಮ ಬಂದು ಮತ್ತೆ ನೋಡುತ್ತಾಳೆ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯೇ ಇಲ್ಲವೇ? ಮೋಟರು ಸರಪಳಿಯಿಂದ ಎತ್ತಿ ನಿಲ್ಲಿಸಿದ ಮೇಲೆ, ಆ ಸರಪಳಿ ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಉಕ್ಕಿನ ಹಗ್ಗವನ್ನು ಬಿಗಿಯುತ್ತಾರೆ.

"ಒಂದು ಕೊರಳಿಗೆ ಯಾರಾದ್ರೂ ಎರಡು ತಾಳಿ ಕಟ್ತಾರೇನವ್ವಾ?" ಎಂದೆ.

"ತಾಳಿ ಹರಿದ್ರ ಯಾರ ತಲೀ ಮ್ಯಾಲೂ ಬೀಳಂಗಿಲ್ಲ ತಾತ" ಎಂದಳು, ಕತ್ತೆತ್ತಿ ಮೇಲೆಯೇ ನೋಡುತ್ತಾ. ಪೆಟ್ಟಿಗೆಗಳು ಏರುವಾಗ ಟವರಿನ ಸುತ್ತ ಒಂದು ನಾಯಿಯನ್ನೂ ಬಿಡಲಿಲ್ಲ. ನಾನು ಸಲಹೆ ಕೊಡಲು ಎರಡು ಹೆಜ್ಜೆ ಮುಂದೆ ಇಟ್ಟದ್ದಕ್ಕೆ ಸೀಟಿ ಊದಿದಳು. ನನಗೆ! ತೊಡೆಯ ಮೇಲೆ ಕೂಡಿಸಿಕೊಂಡು ಮೈಕಿನಲ್ಲಿ "ಹಲೋ" ಅನ್ನುವುದನ್ನು ಕಲಿಸಿದವನಿಗೆ!

ಒಂದು ಸಲ ಸಿರುಗುಪ್ಪದ ಮದುವೆಯಲ್ಲಿ ನನ್ನ ಹಾರ್ನೊಂದು ಮರದಿಂದ ಕಳಚಿ ಸೀದಾ ಸಾರಿನ ಕಡಾಯಿಗೆ ಬಿದ್ದಿತ್ತು. ಬೀಗರು ಬಿದ್ದು ಬಿದ್ದು ನಕ್ಕರು, ಸಾರು ಸೋಸಿ ಬಡಿಸಿದರು, ಮದುವೆ ನಡೆಯಿತು. ಈ ಕಥೆ ಹೇಳಿದೆ. ಡ್ಯಾನಿ ನಗಲಿಲ್ಲ. "ಅಡಿಗೆಯವ ಎಲ್ಲಿ ನಿಂತಿದ್ದ?" ಎಂದು ನಮ್ಮವರ ಜೊತೆ ದುಡಿದು ಕಲಿತ ಹಿಂದಿಯಲ್ಲಿ ಕೇಳಿದ. ಎಂಥ ಪ್ರಶ್ನೆ! ಕಥೆಯ ರುಚಿಯೇ ಹೋಯಿತು.

ಫ್ಲೆಕ್ಸು

ಮಧ್ಯಾಹ್ನದ ಹೊತ್ತಿಗೆ ಎರಡೂ ಗೊನೆಗಳು ಮೇಲೇರಿ ನಿಂತವು. ಹುಲಿಗೆಮ್ಮ ಮತ್ತು ಡ್ಯಾನಿ ವೇದಿಕೆಯ ಹಿಂದೆ ಜನರೇಟರ್ ನೋಡಲು ಹೋದರು. ಆಗ ಸಂಘದ ಅಧ್ಯಕ್ಷರು ಬಂದರು, ಮೈಸೂರು ಕಡೆಯವರು, ಮಾತಿನಲ್ಲಿ ಬೆಣ್ಣೆ. ಹಿಂದೆ ಇಬ್ಬರು ಉದ್ದನೆಯ ಸುರುಳಿ ಹೊತ್ತಿದ್ದರು. ಬಿಚ್ಚಿದರೆ ಆ ದಿನದ ಮುಖ್ಯ ಅತಿಥಿಯ ಮುಖ. ಹೊಸಪೇಟೆ ಕಡೆಯ ಗಣಿ ಸಾಹುಕಾರರು. ಅವರ ಮೀಸೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಾನು ಅಡ್ಡ ಮಲಗಬಹುದಿತ್ತು.

"ಹುಡುಗಿ ಬೇಡ ಅಂದ್ಬಿಟ್ಲು ಸ್ವಾಮಿ. ಟವರ್ಗೆ ಏನೂ ಕಟ್ಟಬಾರದಂತೆ. ಸಾಹುಕಾರರು ನಿಮ್ಮ ಜಿಲ್ಲೆಯವ್ರು. ಅವ್ರ ಮುಖ ಎಲ್ಲಿ ಅಂತ ಕೇಳಿದ್ರೆ ನಾನೇನು ಹೇಳ್ಲಿ? ತಾವು ಹಿರಿಯರು, ಅನುಭವಸ್ಥರು..."

ಆ ದೇಶಕ್ಕೆ ಕಾಲಿಟ್ಟ ಮೇಲೆ ನನ್ನನ್ನು ಅನುಭವಸ್ಥ ಎಂದ ಮೊದಲ ಮನುಷ್ಯ ಅವರು. ನಮ್ಮ ಕಡೆ ಫ್ಲೆಕ್ಸಿಲ್ಲದ ಸ್ಪೀಕರು ಉಂಟೇ? ಹುಡುಗಿಗೆ ತಿಳಿಯದು, ಸಾಹುಕಾರರು ಮುನಿಸಿಕೊಂಡರೆ ಅವಳ ಕೆಲಸಕ್ಕೇ ಕುತ್ತು ಎಂದುಕೊಂಡೆ. ಕಾವಲಿನವನು ನನ್ನ ಟೋಪಿ, ಹಳದಿ ಜಾಕೀಟು ನೋಡಿ ಕಂಪನಿಯವನೇ ಎಂದು ದಾರಿ ಬಿಟ್ಟ. ಏಣಿ ಇತ್ತು. ನನ್ನ ಹಗ್ಗವಿತ್ತು. ನೀರಿನಲ್ಲಿ ನೆನೆಸಿ, ಎಡಗಡೆಯ ಟವರಿನ ಎರಡು ಕಾಲುಗಳಿಗೆ ಸಾಹುಕಾರರನ್ನು ಬಿಗಿದು ಕಟ್ಟಿದೆ. ನಾರಿನ ಹಗ್ಗ ಒಣಗುತ್ತಾ ಬಿಗಿಯಾಗುತ್ತದೆ. ಮೈಕ್ ಈರಣ್ಣನ ಗಂಟನ್ನು ಬಿಚ್ಚಿದವನು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ.

ಅಧ್ಯಕ್ಷರು ಕೈಮುಗಿದರು. ನಾನು ಕೆಳಗಿಳಿದು ನೋಡಿದೆ. ಕಳೆ ಬಂದಿತ್ತು.

ಗಾಳಿ

ಸ್ವಲ್ಪ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಮೊದಲು ಸಾಹುಕಾರರ ಕೆನ್ನೆ ಉಬ್ಬಿತು. ಆಮೇಲೆ ಇಡೀ ಮುಖ ಹಡಗಿನ ಪಟದಂತೆ ಹೊಟ್ಟೆ ಬಿಟ್ಟಿತು. ಟವರ್ ಕಿರ್ ಎಂದಿತು. ಮೇಲೆ ಬಾಳೆಗೊನೆ ತೂಗತೊಡಗಿತು, ತೊಟ್ಟಿಲಿನಂತೆ. ಕಾಲಿನ ಕಾಂಕ್ರೀಟ್ ದಿಮ್ಮಿಯೊಂದು ಮಣ್ಣಿನಲ್ಲಿ ಒಂದಿಷ್ಟು ಜರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಕೆಳಗೆ ಕೋಲಾಟದ ಹೆಣ್ಣುಮಕ್ಕಳು ಸಾಲಾಗಿ ನಿಂತು ಅಭ್ಯಾಸ ಮಾಡುತ್ತಿದ್ದರು.

ಸೀಟಿ ಕೇಳಿಸಿತು. ಹುಲಿಗೆಮ್ಮ ಓಡಿ ಬಂದಳು. "ಎಲ್ಲಾರೂ ಹಿಂದಕ್ಕ! ಕೋಲು ಅಲ್ಲೇ ಬಿಡ್ರಿ, ಓಡ್ರಿ!" ಆ ಮಕ್ಕಳು ಓಡಿದರು. ಅವಳು ಟವರಿನ ಪಕ್ಕದಿಂದ ಹೋಗಿ ನನ್ನ ಗಂಟಿಗೆ ಕೈ ಹಾಕಿದಳು. ಎಳೆದಳು. ಉಗುರು ಹಾಕಿದಳು. ಅದು ಬಿಚ್ಚುವುದುಂಟೇ? ಒಂದು ಗಳಿಗೆ ನಿಂತು ಆ ಗಂಟನ್ನೇ ನೋಡಿದಳು. ಅದು ಯಾರ ಕೈಯದೆಂದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ನನಗೂ ಗೊತ್ತಾಯಿತು.

ನಾನು ಬಿಟ್ಟಿದ್ದ ಏಣಿ ಹತ್ತಿ, ಸೊಂಟದ ಚಾಕು ತೆಗೆದು ಸಾಹುಕಾರರ ಹಣೆಯಿಂದ ಗದ್ದದವರೆಗೆ ಒಂದೇ ಎಳೆತಕ್ಕೆ ಸೀಳಿದಳು. ಗಾಳಿ ನಡುವಿನಿಂದ ನುಗ್ಗಿ ಹೋಯಿತು. ಟವರಿನ ಸದ್ದು ನಿಂತಿತು. ಎರಡು ಅರ್ಧ ಮೀಸೆಗಳು ಎರಡು ಕಡೆ ಪಟಪಟ ಹೊಡೆದುಕೊಂಡವು. ಅವಳು ಕೆಳಗಿಳಿದು ಹಿಂದೆ ಸರಿದು ಕೈ ಎತ್ತಿ ಸನ್ನೆ ಮಾಡಿದಳು, ಮೋಟರು ತಿರುಗಿತು, ಎರಡೂ ಗೊನೆಗಳು ಒಂದೊಂದಾಗಿ ನೆಲಕ್ಕಿಳಿದವು.

ಡ್ಯಾನಿ ಬಂದ. ಕೂಗಾಡಲಿಲ್ಲ, ಅದೇ ಹೆದರಿಕೆ. "ಯಾರು ಕಟ್ಟಿದರು?" ಎಂದ. ಅಧ್ಯಕ್ಷರು ಹೇಳಿದ್ದೇನು ಗೊತ್ತೇ? "ನಿಮ್ಮ ಕಂಪನಿಯವರೇ ಕಟ್ಟಿದ್ದು. ಟೋಪಿ, ಜಾಕೀಟು ಎಲ್ಲ ಹಾಕಿಕೊಂಡಿದ್ದರು." ಬೆಣ್ಣೆ ಕರಗಿ ಕೆಳಗಿನ ಕಲ್ಲು ಕಂಡಿತು! ಕಂಪನಿಯವರು ಎಂದರೆ ಹುಲಿಗೆಮ್ಮನ ಕೈಕೆಳಗಿನವರು. ಅವರ ತಪ್ಪೆಂದರೆ ಅವಳ ತಪ್ಪು. ಅವಳ ಮುಖ ಬಿಳಿಚಿತು. ಆದರೂ ನನ್ನ ಹೆಸರು ಹೇಳಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಬಳ್ಳಾರಿ ಸೀಮೆಯಲ್ಲಿ ಬೆಳೆದವನಿಗೆ ಉರ್ದು ಬಾರದೇ ಇರುತ್ತದೆಯೇ? ನನಗೆ ಬಂದಷ್ಟರಲ್ಲಿ ಹೇಳಿದೆ. "ಸಾಬ್, ಮೈ ಬಾಂಧಾ. ಇವಳಿಗೆ ಗೊತ್ತಿಲ್ಲ. ಇವರು ಕಟ್ಟು ಅಂದರು, ನಾನು ಕಟ್ಟಿದೆ. ಈಗ ನೋಡಿದರೆ ಇವರಿಗೆ ನನ್ನ ಗುರುತೇ ಇಲ್ಲ!"

ಡ್ಯಾನಿ ನನ್ನನ್ನು ನೋಡಿದ, ಅವಳನ್ನು ನೋಡಿದ. "ಜೆಮ್ಮಾ, ಮೈದಾನ ನಿನ್ನದು. ನೀನು ಹೇಳು" ಎಂದ.

ಅವಳು ನನ್ನ ಹತ್ತಿರ ಬಂದು ಕೈ ಚಾಚಿದಳು. ಎತ್ತಿ ಆಡಿಸಿದ ಕೂಸು ಕಣ್ಣಲ್ಲಿ ಕಣ್ಣಿಟ್ಟು ಹೇಳಿತು:

"ಟೋಪಿ ಕೊಡ್ರಿ ತಾತ. ಜಾಕೀಟೂ ಕೊಡ್ರಿ. ಬೇಲಿ ಆಚೆ ನಡೀರಿ."

"ಹುಲಿಗೀ, ನಾನಲೇ..."

"ಯಾರಾದ್ರೂ ಅಷ್ಟ. ಇವತ್ತ ನೀವು ಒಳಗ ಬರೋ ಹಂಗಿಲ್ಲ."

ನೀವು ಎಂದಳು! ಹುಟ್ಟಿದಾಗಿನಿಂದ "ನೀ" ಎಂದವಳು!

ಬೇಲಿಯ ಆಚೆ

ರುಮಾಲು ಸುತ್ತಿಕೊಂಡು ಗೇಟಿನ ಹೊರಗೆ ಹೋದೆ. ಅವಳೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು, ಒಂದು ಬಾಟಲಿ ನೀರಿಟ್ಟು ಕೆಲಸಕ್ಕೆ ವಾಪಸ್ಸಾದಳು. ಏಳು ಸಮುದ್ರ ದಾಟಿ ಬಂದು ಬೀದಿಯಲ್ಲಿ ಕೂತೆ. ನನ್ನ ಸಿಟ್ಟಿಗೆ ಆ ಬಾಟಲಿ ನೀರು ಕುದಿಯುತ್ತಿತ್ತು.

ಸಂಜೆಗೆ ಸಾಹುಕಾರರ ಕಾರು ಬಂತು. ಬೇಲಿಯ ತೂತಿನಿಂದ ನನಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ತಮ್ಮ ಸೀಳಿದ ಮುಖವನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ನೆಲದ ಮೇಲಿನ ಪೆಟ್ಟಿಗೆಗಳನ್ನು ನೋಡಿದರು.

"ಇವನ್ನ ಮ್ಯಾಲೆ ಏರಿಸ್ರಿ. ಬಳ್ಳಾರ್ಯಾಗ ಇದಕ್ಕಿಂತ ದೊಡ್ಡ ಗಾಳ್ಯಾಗ ನಮ್ಮ ಮಗನ ಮದಿವಿ ಮಾಡೀವಿ. ಹಿಂದ ಕುಂತೋರಿಗೆ ನನ್ನ ಭಾಷಣ ಕೇಳಬೇಕೋ ಬ್ಯಾಡೋ?"

ಹುಲಿಗೆಮ್ಮ ಅಂಗೈಯಷ್ಟು ದೊಡ್ಡ ಯಂತ್ರವನ್ನು ಎತ್ತಿ ಹಿಡಿದಳು. ತುದಿಯಲ್ಲಿ ಮಕ್ಕಳ ಗಿರಗಿಟ್ಟೆಯಂಥ ರೆಕ್ಕೆ. ಗಾಳಿ ಅಳೆಯುವುದಂತೆ. "ಗಾಳಿ ಇಳದ್ರ ಏರಿಸ್ತೀನ್ರಿ. ಇಳೀಲಿಲ್ಲಂದ್ರ ಇಲ್ರಿ."

"ನಾನು ಯಾರು ಗೊತ್ತೈತೇನವ್ವಾ?"

"ಗೊತ್ತೈತ್ರಿ. ನಾನೂ ಬಳ್ಳಾರ್ಯಾಕೀನ."

ಅಧ್ಯಕ್ಷರು ಡ್ಯಾನಿಯ ಕಡೆ ಓಡಿದರು, ಬೇರೆಯವರನ್ನು ಹಾಕು ಎಂದರು. ಡ್ಯಾನಿ ಕೈಕಟ್ಟಿ ನಿಂತಿದ್ದ. "ಇವತ್ತೂ ಜೆಮ್ಮಾ, ಮುಂದಿನ ಕಾರ್ಯಕ್ರಮಕ್ಕೂ ಜೆಮ್ಮಾ. ಅವಳು ಇಲ್ಲ ಅಂದರೆ ಇಲ್ಲ" ಎಂದ. ನಾನು ಕುರ್ಚಿಯಿಂದ ಎದ್ದು ಬೇಲಿಯ ಸರಳು ಹಿಡಿದುಕೊಂಡೆ. ನಮ್ಮ ಜಿಲ್ಲೆಯಲ್ಲಿ ಆ ಮನುಷ್ಯನಿಗೆ ಇಲ್ಲ ಎಂದ ಅಧಿಕಾರಿಯನ್ನು ನಾನು ಕಂಡಿಲ್ಲ, ಕೇಳಿಲ್ಲ. ನನ್ನ ಹುಡುಗಿ "ಇಲ್ರಿ" ಎಂದು ಗಿರಗಿಟ್ಟೆ ಜೇಬಿಗಿಟ್ಟುಕೊಂಡು ಹೋದಳು.

ಗಾಳಿ ಇಳಿಯಲಿಲ್ಲ. ನಾಲ್ಕೇ ಪೆಟ್ಟಿಗೆಗಳನ್ನು ನೆಲದ ಮೇಲೆ ಗಿಡ್ಡವಾಗಿ ಇಟ್ಟು, ಪಟ್ಟಿ ಬಿಗಿದು ಕಾರ್ಯಕ್ರಮ ಶುರುಮಾಡಿದರು. ಹಿಂದಿನವರಿಗೆ ಕೇಳಿಸದೆ, ಜನ ಕುರ್ಚಿ ಎತ್ತಿಕೊಂಡು ಮುಂದೆ ಬಂದು ಒತ್ತೊತ್ತಾಗಿ ಕೂತರು. ಸಾಹುಕಾರರ ಪಕ್ಕದಲ್ಲೇ ಯಾರದೋ ಕೂಸು ಮಂಡಕ್ಕಿ ಚೆಲ್ಲುತ್ತಾ ಕೂತಿತ್ತು. ಕೋಲಾಟದ ಮಕ್ಕಳು ಬಂದರು. ಮಧ್ಯಾಹ್ನ ಟವರಿನ ಕೆಳಗಿದ್ದ ಆ ಮಕ್ಕಳೆಲ್ಲ ಇದ್ದರು, ಒಬ್ಬಳೂ ಕಡಿಮೆಯಿರಲಿಲ್ಲ.

ಆಗ ತಡವಾಗಿ ಬಂದ ಒಂದು ಸಂಸಾರ ಗೇಟಿನ ಬಳಿ ನನ್ನನ್ನು ನೋಡಿ ನಿಂತಿತು. ಗಂಡ, ಹೆಂಡತಿ, ಹೆಗಲ ಮೇಲೊಂದು ಮಗು.

"ಯಾವೂರ್ರೀ ಯಜಮಾನ್ರ?"

"ಕುರುಗೋಡ್ರಿ."

"ಅಯ್ಯ, ನಾವು ಸಿರುಗುಪ್ಪದೋರ್ರಿ! ಹೊರಗ್ಯಾಕ ಕುಂತೀರಿ? ಯಾರು ಹೊರಗ ಹಾಕಿದ್ರು ನಿಮ್ಮನ್ನ? ವಯಸ್ಸಾದೋರು ಅಂತ ನೋಡೋದಿಲ್ಲೇನು? ಬರ್ರಿ ನನ್ನ ಕೂಡ, ಯಾವನು ಅವ ಕೇಳೇಬಿಡ್ತೀನಿ."

ನಾನು ರುಮಾಲು ಸರಿ ಮಾಡಿಕೊಂಡೆ. ಒಳಗಿನ ನಾಲ್ಕು ಪೆಟ್ಟಿಗೆಗಳಿಗಿಂತ ಜೋರಾಗಿ ಹೇಳಿದೆ:

"ಅವ ಅಲ್ರೀ, ಅಕಿ. ನನ್ನ ಮೊಮ್ಮಗಳು ಹಾಕ್ಯಾಳ್ರಿ ನನ್ನನ್ನ ಹೊರಗ!"